ಈರಿ ಸರೋವರದಲ್ಲಿ ರಘೋತ್ತಮರಾಯರ ತಿಥಿ

ಮನುಷ್ಯಜನ್ಮ ಎತ್ತಿದ ಮೇಲೆ ಏನು ಸಂಪಾದಿಸಬೇಕು ಎಂದು ಹಯವದನನನ್ನು ಕೇಳಿದ್ದರೆ ಅವನು ಮೋಕ್ಷ ಎನ್ನುತ್ತಿರಲಿಲ್ಲ, ಬಾಗಿಲಿರುವ ಕೋಣೆ ಎನ್ನುತ್ತಿದ್ದ. ಅಮೆರಿಕದ ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ಕಾರಿನ ಬಿಡಿಭಾಗ ಮಾಡುವ ಅವನ ಕಂಪನಿಯಲ್ಲಿ ನಲವತ್ತು ಮಂದಿ ಇಂಜಿನಿಯರುಗಳು ಒಂದೇ ಹಜಾರದಲ್ಲಿ ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂರುತ್ತಿದ್ದರು. ಸೂಪರ್‌ವೈಸರಿಗೆ ಮಾತ್ರ ಮೂಲೆಯಲ್ಲೊಂದು ಕೋಣೆ, ಅದಕ್ಕೊಂದು ಬಾಗಿಲು, ಬಾಗಿಲ ಮೇಲೆ ಹೆಸರಿನ ಹಲಗೆ. ಎಪ್ಪತ್ತೆರಡನೆಯ ಇಸವಿಯ ನವೆಂಬರಿನಲ್ಲಿ ಆ ಕೋಣೆಯ ಮುದುಕ ರಿಟೈರಾಗಿ ಫ್ಲೋರಿಡಾಕ್ಕೆ ಹೋದ. ಅಂದಿನಿಂದ ಹಯವದನ ಕಾಫಿ ತರಲು ಹೋಗುವಾಗಲೆಲ್ಲ ಸುತ್ತು ಹಾಕಿ ಹೋಗಿ ಆ ಬಾಗಿಲಿನ ಹಿಡಿಕೆಯನ್ನು ಮುಟ್ಟಿ ಬರುತ್ತಿದ್ದ. ದೇವಸ್ಥಾನದ ಹೊಸ್ತಿಲನ್ನು ಅವನು ಅಷ್ಟು ಭಕ್ತಿಯಿಂದ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ.

ನಾನು ಅವನ ಮನೆಯಿಂದ ಮೂರು ಬೀದಿ ಆಚೆ ಇರುವವನು. ಮುಂದೆ ನಡೆದದ್ದನ್ನು ಹಯವದನ ನನಗೆ ಮೂರು ಸಲ ಮೂರು ರೀತಿಯಲ್ಲಿ ಹೇಳಿದ್ದಾನೆ. ಮೂರೂ ಸುಳ್ಳು. ಇಲ್ಲಿ ಬರೆಯುತ್ತಿರುವುದು ಅವನ ಹೆಂಡತಿ ಪದ್ಮ ಹೇಳಿದ್ದು.

ಕೋಣೆ ಯಾರಿಗೆ ಎಂದು ನಿರ್ಧರಿಸುವವನು ವಿಭಾಗದ ಮುಖ್ಯಸ್ಥ ವಾಲ್ಟರ್ ನೋವಾಕ್. ಆರಡಿ ಎರಡಂಗುಲದ ಪೋಲಿಷ್ ಮೂಲದ ಆಸಾಮಿ. ಪ್ರಪಂಚದಲ್ಲಿ ಅವನಿಗೆ ಆಸಕ್ತಿಯಿದ್ದದ್ದು ಎರಡೇ ವಿಷಯದಲ್ಲಿ, ಕಾರಿನ ಬ್ರೇಕು ಮತ್ತು ಬಾತುಕೋಳಿ ಬೇಟೆ. ಕೋಣೆಯ ಪಂದ್ಯದಲ್ಲಿ ಉಳಿದಿದ್ದವರೂ ಇಬ್ಬರೇ: ಮೈಸೂರಿನ ನಮ್ಮ ಹಯವದನ, ಗದಗಿನ ಕಡೆಯ ಗುರುಲಿಂಗಪ್ಪ. ಒಂದು ದಿನ ಕ್ಯಾಫೆಟೇರಿಯಾದಲ್ಲಿ ನೋವಾಕ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಸೀಸನ್ನು ಮುಗಿಯುತ್ತ ಬಂತು, ಶನಿವಾರ ಕೊನೆಯ ಬೇಟೆಗೆ ಹೋಗುತ್ತೇನೆ, ನಿಮ್ಮಲ್ಲಿ ಯಾರಾದರೂ ಬರುತ್ತೀರಾ ಎಂದು ಕೇಳಿದ. ಗುರುಲಿಂಗಪ್ಪ ತಾನು ಮಾಂಸ ತಿನ್ನುವುದೂ ಇಲ್ಲ, ಕೊಲ್ಲುವುದೂ ಇಲ್ಲ, ಕರೆದದ್ದಕ್ಕೆ ಥ್ಯಾಂಕ್ಸ್ ಎಂದು ಹೇಳಿ ಚಪಾತಿ ತಿನ್ನುವುದನ್ನು ಮುಂದುವರಿಸಿದ. ನೋವಾಕ್ ತಲೆಯಾಡಿಸಿದ. ಮಾತು ಅಲ್ಲಿಗೆ ಮುಗಿಯಬೇಕಾಗಿತ್ತು.

ಹಯವದನನಿಗೆ ಆ ತಲೆಯಾಟದಲ್ಲಿ ಬಾಗಿಲು ತೆರೆದುಕೊಂಡಂತೆ ಕಂಡಿತು. ಎದೆ ಸೆಟೆಸಿ, "ನಮ್ಮ ತಾತ ಮೈಸೂರು ಮಹಾರಾಜರ ಜೊತೆ ಶಿಕಾರಿಗೆ ಹೋಗ್ತಿದ್ರು ಸರ್. ನಮಗೆ ಅದು ರಕ್ತದಲ್ಲೇ ಬಂದಿದೆ" ಎಂದ.

ಅವನ ತಾತ ಅರಮನೆಯ ದೇವಸ್ಥಾನದಲ್ಲಿ ಅಡುಗೆಭಟ್ಟರಾಗಿದ್ದರು. ದಸರೆಯಲ್ಲಿ ಕುಶಾಲತೋಪು ಹಾರಿಸುವಾಗ ಕಿವಿಗೆ ಹತ್ತಿ ತುರುಕಿಕೊಂಡು ಉಗ್ರಾಣದ ಒಳಗೆ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಮದ್ದುಗುಂಡಿಗೂ ಆ ವಂಶಕ್ಕೂ ಇದ್ದ ಸಂಬಂಧ ಇಷ್ಟು. ಆದರೆ ನೋವಾಕ್ ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಆದ್ದರಿಂದ ಕೇಳಿದ್ದನ್ನು ನಂಬುತ್ತಿದ್ದ. "ಹ್ಯಾರಿ! ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟ. ಹಯವದನ ಎಂಬ ಹೆಸರನ್ನು ಆ ಕಂಪನಿ ಸೇರಿದ ಮೊದಲ ದಿನವೇ ಹ್ಯಾರಿ ಎಂದು ಕೆತ್ತಿ ಇಳಿಸಿದ್ದರು. ನಮ್ಮವನಿಗೆ ಅದರಲ್ಲೂ ಹೆಮ್ಮೆ.

ಸಂಜೆ ಮನೆಗೆ ಬಂದು ಗೆದ್ದವನ ಹಾಗೆ ಶೂ ಬಿಚ್ಚುತ್ತಿದ್ದಾಗ ಪದ್ಮ ಅಡುಗೆಮನೆಯಿಂದ ಕೇಳಿದಳು.

"ರೀ, ಶನಿವಾರ ಏನು ಅಂತ ನೆನಪಿದೆಯಾ?"

"ಇಲ್ದೆ ಏನು. ಬಾಸ್ ಜೊತೆ ಡಕ್ ಹಂಟಿಂಗ್."

"ಶನಿವಾರ ಕಾರ್ತೀಕ ಬಹುಳ ದ್ವಾದಶಿ. ಮಾವನವರ ತಿಥಿ."

ಹಯವದನ ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ನಿಂತ. ಅವನ ತಂದೆ ರಘೋತ್ತಮರಾಯರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಹೋದಾಗ ರಜೆ ಸಿಗಲಿಲ್ಲ ಎಂದು ಇವನು ಊರಿಗೆ ಹೋಗಿರಲಿಲ್ಲ. ವರ್ಷಕ್ಕೊಂದು ತಿಥಿ ಮಾಡುವುದಷ್ಟೇ ಉಳಿದಿದ್ದ ಕರ್ತವ್ಯ.

"ಅಪ್ಪ ಅರ್ಥ ಮಾಡ್ಕೋತಾರೆ ಕಣೆ," ಎಂದ. "ಅವರೂ ಗೌರ್ಮೆಂಟ್ ಸರ್ವಿಸ್‌ನಲ್ಲಿದ್ದೋರು. ಪ್ರಮೋಷನ್ ಅಂದ್ರೆ ಏನು ಅಂತ ಅವರಿಗೆ ಗೊತ್ತು."

"ತಿಥಿ ದಿವಸ ಕೋವಿ ಹಿಡ್ಕೊಂಡು ಕೊಲ್ಲಕ್ಕೆ ಹೋಗ್ತೀನಿ ಅಂತೀರಲ್ಲ, ಬಾಯಿ ಹೇಗೆ ಬರುತ್ತೆ ನಿಮಗೆ?"

"ನಾನೆಲ್ಲೇ ಕೊಲ್ತೀನಿ? ಸುಮ್ನೆ ಪಕ್ಕದಲ್ಲಿ ನಿಂತಿರ್ತೀನಿ."

ಪದ್ಮ ಸೌಟನ್ನು ಪಾತ್ರೆಗೆ ಕುಕ್ಕಿದ ಸದ್ದು ಕೇಳಿ ಹಯವದನ ಫೋನಿನ ಕಡೆ ಓಡಿದ. ಫೋನು ಮಾಡಿದ್ದು ಜಗನ್ನಾಥನಿಗೆ. ಈ ಜಗನ್ನಾಥ ವಾರದಲ್ಲಿ ಐದು ದಿನ ಪೇಂಟ್ ಕಂಪನಿಯಲ್ಲಿ ಕೆಮಿಸ್ಟು, ಉಳಿದೆರಡು ದಿನ ಡೆಟ್ರಾಯಿಟ್ ಸೀಮೆಯ ಕನ್ನಡಿಗರಿಗೆಲ್ಲ ಪುರೋಹಿತ. ಶಾಸ್ತ್ರದಲ್ಲಿ ಅವನು ಎಂದೂ 'ಆಗುವುದಿಲ್ಲ' ಎಂದವನಲ್ಲ, ಅದಕ್ಕೇ ಅವನಿಗೆ ಅಷ್ಟು ಬೇಡಿಕೆ.

"ಶ್ರಾದ್ಧ ಅಂದ್ರೆ ಮಧ್ಯಾಹ್ನದ ಕೆಲಸ ಕಣ್ರೀ," ಎಂದು ಜಗನ್ನಾಥ ಗಂಭೀರವಾಗಿ ಆರಂಭಿಸಿದ. "ಆದ್ರೆ ಎಲ್ಲಿಯ ಮಧ್ಯಾಹ್ನ? ನಿಮ್ಮ ತಂದೆಯವರು ಹೋಗಿದ್ದು ಮೈಸೂರಲ್ಲಿ. ಅವರ ಲೆಕ್ಕ ಎಲ್ಲ ಮೈಸೂರು ಟೈಮೇ. ಅಲ್ಲಿ ಮಧ್ಯಾಹ್ನ ಎರಡು ಗಂಟೆ ಅಂದ್ರೆ ಇಲ್ಲಿ ಬೆಳಗಿನ ಜಾವ ಮೂರೂವರೆ. ಮಾಡಿ ಮುಗಿಸಿ ಆರಾಮಾಗಿ ಹೊರಡಿ."

"ಅಷ್ಟು ಹೊತ್ತಿಗೆ ನೀವು ಬರ್ತೀರಾ?"

"ನಾನು ಡೆಟ್ರಾಯಿಟ್ ಟೈಮ್ನೋನು. ಮಂತ್ರ ಹೇಳ್ತೀನಿ, ಬರ್ಕೊಳಿ."

"ಪಿಂಡ ಏನು ಮಾಡ್ಲಿ?"

"ನೀರಿಗೆ ಬಿಡಿ. ಪಕ್ಷಿ ಮುಟ್ಟಿದ್ರೆ ಇನ್ನೂ ಶ್ರೇಷ್ಠ. ಪಿತೃಗಳು ಆ ರೂಪದಲ್ಲೇ ಬಂದು ತಗೊಂಡ್ರು ಅಂತ."

"ಕಾಗೆನೇ ಆಗ್ಬೇಕಾ?"

"ಪರದೇಶದಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು ಕಣ್ರೀ."

ಶನಿವಾರ ಮೂರಕ್ಕೇ ಎದ್ದು ಪದ್ಮ ತಲೆಗೆ ಸ್ನಾನ ಮಾಡಿ ಅನ್ನ ಮಾಡಿದಳು, ಎಳ್ಳು ಕಲಸಿ ಮೂರು ಉಂಡೆ ಕಟ್ಟಿದಳು. ಒಂದು ತಂದೆಗೆ, ಒಂದು ತಾತನಿಗೆ, ಒಂದು ಮುತ್ತಾತನಿಗೆ. ಹಯವದನ ಒದ್ದೆ ಪಂಚೆಯಲ್ಲಿ ನಡುಗುತ್ತ ಮಂತ್ರದ ಚೀಟಿ ಓದುತ್ತ ಅರ್ಧಕ್ಕೆ ಬಂದಿದ್ದ, ಅಷ್ಟರಲ್ಲಿ ಹೊರಗೆ ನೋವಾಕನ ಸ್ಟೇಷನ್ ವ್ಯಾಗನ್ನು ಹಾರ್ನ್ ಮಾಡಿತು. ಪಿತೃಗಳು ಕಾಯುತ್ತಾರೆ, ಬಾಸು ಕಾಯುವುದಿಲ್ಲ. ಹಯವದನ ಮೂರು ಉಂಡೆಗಳನ್ನೂ ಕೂಲ್ ವಿಪ್ ಎಂಬ ಅಂಗಡಿಯ ಕೆನೆಯ ಖಾಲಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ, ಪಂಚೆಯ ಮೇಲೇ ಪ್ಯಾಂಟು ಎಳೆದುಕೊಂಡು, ಡಬ್ಬಿಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಓಡಿದ.

ಈರಿ ಸರೋವರದ ದಂಡೆಯಲ್ಲಿ ಮೈಲುಗಟ್ಟಲೆ ಹಬ್ಬಿದ ಜೌಗು ಅದು. ಸರ್ಕಾರದ ಜಮೀನು, ಲೈಸೆನ್ಸು ಇದ್ದವರು ಯಾರು ಬೇಕಾದರೂ ಬೇಟೆಯಾಡಬಹುದು. ಬೆಳಕು ಹರಿಯುವ ಮುಂಚೆ ಗೇಟಿನ ಹತ್ತಿರ ಚೀಟಿ ಎತ್ತಬೇಕು, ಚೀಟಿಯಲ್ಲಿ ಬಂದ ನಂಬರಿನ ಜಾಗ ನಿಮ್ಮದು. ಚೀಟಿ ಎತ್ತಿದ್ದು ಹಯವದನ, ಆದ್ದರಿಂದ ಬಂದದ್ದು ಎಲ್ಲಕ್ಕಿಂತ ಕೊನೆಯ ಜಾಗ. ಅಲ್ಲಿಗೆ ಹೋಗಲು ಎದೆಯವರೆಗೆ ಬರುವ ರಬ್ಬರ್ ಬೂಟು ತೊಟ್ಟು ಅರ್ಧ ಮೈಲು ಮಂಜುಗಡ್ಡೆ ಒಡೆಯುತ್ತ ನಡೆದರು. ಅಮೆರಿಕದ ಲೆಕ್ಕದಲ್ಲಿ ಹದಿನೆಂಟು ಡಿಗ್ರಿ ಚಳಿ, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಎಂಟು ಕೆಳಗೆ. ಹಿಂದಿನ ದಿನ ಏಕಾದಶಿ, ಇವತ್ತು ತಿಥಿ, ಹಯವದನನ ಹೊಟ್ಟೆಯಲ್ಲಿ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ.

ನೋವಾಕ್ ಚೀಲದಿಂದ ಪ್ಲಾಸ್ಟಿಕ್ಕಿನ ಬಾತುಗಳನ್ನು ತೆಗೆದು, ಗಂಡನ್ನು ಹೆಣ್ಣಿನ ಪಕ್ಕಕ್ಕೆ ಸರಿಸುತ್ತ, ನಮ್ಮ ಹೆಂಗಸರು ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಶ್ರದ್ಧೆಯಿಂದ ನೀರಿನ ಮೇಲೆ ಕೂರಿಸಿದ. ಹಯವದನನ ಕೈಗೂ ಒಂದು ಕೋವಿ ಕೊಟ್ಟ. ಮಹಾರಾಜರ ಶಿಕಾರಿಯ ಮೊಮ್ಮಗ ಅದನ್ನು ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಬೆಳಕು ಹರಿಯಿತು. ಒಂಬತ್ತಾಯಿತು. ಒಂದು ಬಾತೂ ಬರಲಿಲ್ಲ. ಕೊನೆಯ ವಾರದ ಬಾತುಗಳು ಮೂರ್ಖರಲ್ಲ ಹ್ಯಾರಿ, ಎರಡು ತಿಂಗಳಿಂದ ಗುಂಡಿನ ಸದ್ದು ಕೇಳಿವೆ ಎಂದು ನೋವಾಕ್ ನಿಟ್ಟುಸಿರಿಟ್ಟ.

ಹತ್ತು ಗಂಟೆಗೆ ಹಯವದನನಿಗೆ ಜೇಬಿನ ಡಬ್ಬಿ ನೆನಪಾಯಿತು. ಮೈಸೂರಿನಲ್ಲಿ ಆಗಲೇ ಕತ್ತಲಾಗಿ ರಾತ್ರಿ ಎಂಟೂವರೆ. ಬಾಸಿಗೆ ಏನು ಹೇಳುವುದು? ಶಿಕಾರಿಯ ಮನೆತನದವನು ಅಪ್ಪನ ಪಿಂಡ ಹಿಡಿದುಕೊಂಡು ಬೇಟೆಗೆ ಬಂದಿದ್ದಾನೆ ಎಂದರೆ ಬಾಗಿಲಿನ ಗತಿ? ಒಂದಕ್ಕೆ ಹೋಗಿ ಬರುತ್ತೇನೆ ಎಂದು ಸನ್ನೆ ಮಾಡಿ, ಜೊಂಡಿನ ಮರೆಗೆ ಹತ್ತು ಹೆಜ್ಜೆ ಹೋದ. ಅಲ್ಲಿ ಇನ್ನೊಂದು ತೊಡಕು. ಪಿತೃಕಾರ್ಯಕ್ಕೆ ಜನಿವಾರ ಎಡಭುಜದಿಂದ ಬಲಭುಜಕ್ಕೆ ಬರಬೇಕು. ಜನಿವಾರವೋ ಬನಿಯನ್ನು, ಶರ್ಟು, ಎರಡು ಸ್ವೆಟರು, ಕೋಟು, ರಬ್ಬರು ಇಷ್ಟರ ಕೆಳಗೆ ಪಾತಾಳದಲ್ಲಿತ್ತು. ಕತ್ತಿನೊಳಗೆ ಕೈ ಹಾಕಿ, ಬೆರಳಿಗೆ ಸಿಕ್ಕ ದಾರವನ್ನು ಎಳೆಯುತ್ತ, ಒಂದು ಕಾಲು ಕೆಸರಿನಲ್ಲಿ ಹೂತು ಇನ್ನೊಂದು ಕಾಲಿನಲ್ಲಿ ಎರಡು ಸುತ್ತು ತಿರುಗಿದ. ಜೊಂಡಿನ ಸಂದಿಯಿಂದ ಇದನ್ನು ಕಂಡ ನೋವಾಕ್ ಉಸಿರು ಬಿಗಿಹಿಡಿದ. ಬಾತು ಕರೆಯುವ ಮೈಸೂರು ಅರಮನೆಯ ಗುಪ್ತವಿದ್ಯೆ ಇದೇ ಇರಬೇಕು ಎಂದು ಅವನು ತಿಳಿದುಕೊಂಡ.

ತಿಳಿದುಕೊಂಡದ್ದು ಸರಿಯೇ ಎಂಬಂತೆ ಮೂರು ಬಾತುಗಳು ಇಳಿದವು.

ಹಯವದನ ಆಗಷ್ಟೇ ಮೂರು ಪಿಂಡಗಳನ್ನು ನೀರಂಚಿನ ಮಂಜುಗಡ್ಡೆಯ ಮೇಲೆ ಇಟ್ಟು, ಕೈ ಮುಗಿದು, ಜೊಂಡಿಗೆ ಒರಗಿಸಿದ್ದ ಕೋವಿ ಎತ್ತಿಕೊಂಡು ಹಿಂದಕ್ಕೆ ಬಂದಿದ್ದ. ಹಸಿರು ತಲೆಯ ಮೂರು ಬಾತುಗಳು ನೇರ ಅಲ್ಲಿಗೇ ಬಂದು, ಒಂದೊಂದು ಒಂದೊಂದು ಪಿಂಡಕ್ಕೆ ಬಾಯಿ ಹಾಕಿದವು. ಹಯವದನನ ಕಣ್ಣಲ್ಲಿ ನಿಜವಾಗಿ ನೀರು ಬಂತು. ನಡುವಿನದ್ದು ಕತ್ತು ಓರೆ ಮಾಡಿ ಇವನನ್ನೇ ದುರುಗುಟ್ಟಿ ನೋಡಿತು, ಥೇಟು ರಘೋತ್ತಮರಾಯರು ಮಾರ್ಕ್ಸ್ ಕಾರ್ಡು ನೋಡುವಾಗ ನೋಡುತ್ತಿದ್ದ ಹಾಗೆ. "ಅಪ್ಪಾ" ಎಂದ ಹಯವದನ. ಊಟ ಮುಗಿಸಿ ಮೂರೂ ಮೇಲಕ್ಕೆದ್ದವು. ಢಂ, ಢಂ, ಢಂ. ನೋವಾಕನ ಕೋವಿಯಲ್ಲಿ ಮೂರೇ ತೋಟಾ ಇದ್ದದ್ದು, ಒಂದೂ ವ್ಯರ್ಥವಾಗಲಿಲ್ಲ. ತಂದೆ, ತಾತ, ಮುತ್ತಾತ ಮೂವರೂ ಒಟ್ಟಿಗೆ ನೀರಿಗೆ ಬಿದ್ದರು.

"ಹ್ಯಾರಿ, ನೀನು ಮಾಂತ್ರಿಕ!" ಎಂದು ನೋವಾಕ್ ಕೂಗಿಕೊಂಡ. ಹಯವದನ ತನ್ನ ಕೋವಿಯನ್ನು ನೀರಿಗೆ ಬಿಟ್ಟು ತಲೆಯ ಮೇಲೆ ಕೈ ಹೊತ್ತುಕೊಂಡಿದ್ದ.

ಸದ್ದು ಕೇಳಿ ದಂಡೆಯ ಮೇಲಿಂದ, ಬೇಟೆಯ ಕಾನೂನು ನೋಡಿಕೊಳ್ಳುವ ಸರ್ಕಾರದ ವಾರ್ಡನ್ನು ಇಳಿದು ಬಂದ. ನೋವಾಕನ ಲೈಸೆನ್ಸು, ಹಯವದನ ಮುನ್ನಾದಿನ ಕೊಂಡ ಲೈಸೆನ್ಸು ಎರಡನ್ನೂ ನೋಡಿದ, ಸರಿಯಾಗಿದ್ದವು. ಬಾತುಗಳನ್ನು ಎತ್ತಿ ನೋಡಿದ. ಒಂದರ ಕೊಕ್ಕಿಗೆ ಅನ್ನದ ಅಗುಳು ಮೆತ್ತಿಕೊಂಡಿತ್ತು. ಇನ್ನೊಂದರ ಗಂಟಲಿನಿಂದ ಎಳ್ಳು ಉದುರಿತು. ಅಷ್ಟು ಹೊತ್ತಿಗೆ ಕೂಲ್ ವಿಪ್ ಡಬ್ಬಿಯೂ ಸಾಕ್ಷಿ ಹೇಳಲೆಂದೇ ತೇಲಿ ಬಂತು. ವಾರ್ಡನ್ನಿನ ಮುಖ ಗಟ್ಟಿಯಾಯಿತು. ಅಲ್ಲಿಯ ಕಾನೂನು ಹೀಗಿದೆ: ಲೈಸೆನ್ಸು ಇದ್ದರೆ ಬಾತನ್ನು ಕೊಲ್ಲಬಹುದು, ಆದರೆ ಕೊಲ್ಲುವ ಜಾಗದಲ್ಲಿ ಅದಕ್ಕೆ ಒಂದು ತುತ್ತು ಅನ್ನ ಹಾಕಿದರೆ ಅಪರಾಧ. ಆಸೆ ತೋರಿಸಿ ಕೊಂದಂತಾಗುತ್ತದಂತೆ.

"ಇದನ್ನು ಹಾಕಿದವರು ಯಾರು?" ಎಂದು ವಾರ್ಡನ್ ಕೇಳಿದ.

ನೋವಾಕ್ ಹಯವದನನ ಕಡೆ ತಿರುಗಿದ. ಮೂವತ್ತು ವರ್ಷ ಬೇಟೆಯಾಡಿದ್ದವನು, ಒಂದು ದಿನವೂ ಕಾನೂನಿನ ಮಿತಿಗಿಂತ ಒಂದು ಬಾತು ಹೆಚ್ಚಿಗೆ ಹೊಡೆದವನಲ್ಲ. "ಏನು ಹ್ಯಾರಿ ಇದು?" ಎಂದು ಮೆಲ್ಲಗೆ ಕೇಳಿದ. ಹಯವದನ ಅವನ ಕಿವಿಯಲ್ಲಿ, ಹಲ್ಲು ಕಟಕಟಿಸುತ್ತ, ಇದು ತೀರಿಹೋದ ನಮ್ಮ ತಂದೆಗೆ ಇಟ್ಟ ಅನ್ನ, ಇವತ್ತು ಅವರ ದಿನ, ವರ್ಷಕ್ಕೊಮ್ಮೆ ಮಗ ಇಡಬೇಕು ಎಂದು ಉಸುರಿದ. ಅವನು ಆ ದಿನ ಆಡಿದ ಒಂದೇ ಒಂದು ನಿಜ ಅದು.

ನೋವಾಕ್ ಟೋಪಿ ತೆಗೆದ. ಹದಿನೆಂಟು ಡಿಗ್ರಿಯಲ್ಲಿ ಬೋಳುತಲೆಯಲ್ಲಿ ಸ್ವಲ್ಪ ಹೊತ್ತು ನಿಂತು ನೀರು ನೋಡಿದ. ಆಮೇಲೆ ವಾರ್ಡನ್ನಿಗೆ, "ನಾನು ಹಾಕಿದ್ದು" ಎಂದ.

ವಾರ್ಡನ್ನು ನಂಬಲಿಲ್ಲ. ಹಯವದನನ ಕಡೆ ಪೆನ್ಸಿಲು ತೋರಿಸಿ, "ನಿಜವೇನಯ್ಯಾ?" ಎಂದು ಕೇಳಿದ.

ಇಲ್ಲಿ ಹಯವದನ ಸುಮ್ಮನೆ ನಿಂತಿದ್ದರೂ ಸಾಕಿತ್ತು. ಚಳಿಗೆ ನಾಲಿಗೆ ಮರಗಟ್ಟಿತ್ತು ಎಂದು ನಾನು ಈಗ ಅವನ ಪರವಾಗಿ ಬರೆಯಬಹುದಿತ್ತು. ಆದರೆ ಅವನ ಕಣ್ಣ ಮುಂದೆ ಕೋರ್ಟು ಬಂತು, ಗ್ರೀನ್ ಕಾರ್ಡು ಬಂತು, ಎಲ್ಲಕ್ಕಿಂತ ಮುಂಚೆ ಹೆಸರಿನ ಹಲಗೆಯಿದ್ದ ಬಾಗಿಲು ಬಂತು. "ಹೌದು ಸರ್, ಅವರೇ ಹಾಕಿದ್ದು," ಎಂದ. ಅಷ್ಟಕ್ಕೇ ನಿಲ್ಲಲಿಲ್ಲ. "ನಾನು ಬೇಡ ಅಂತ ಹೇಳಿದೆ ಸರ್" ಎಂದೂ ಸೇರಿಸಿದ.

ವಾರ್ಡನ್ ಬರೆದುಕೊಂಡ. ನೋವಾಕನ ಲೈಸೆನ್ಸು ಹೋಯಿತು, ಕೋವಿ ಹೋಯಿತು, ಕೋರ್ಟಿಗೆ ಬರಬೇಕೆಂಬ ಕಾಗದ ಕೈಗೆ ಬಂತು. ಲಿವೋನಿಯಾದ ಎಕ್ಸಿಟ್ ಬರುವವರೆಗೂ ನೋವಾಕ್ ಒಂದು ಮಾತೂ ಆಡಲಿಲ್ಲ. ಹಯವದನ ಅದನ್ನು ಆಯಾಸ ಎಂದು ಅರ್ಥ ಮಾಡಿಕೊಂಡ.

ಭಾನುವಾರ ಮಧ್ಯಾಹ್ನ ನೋವಾಕನ ಸ್ಟೇಷನ್ ವ್ಯಾಗನ್ನು ಮನೆ ಮುಂದೆ ನಿಂತದ್ದನ್ನು ಕಿಟಕಿಯಿಂದ ಕಂಡ ಹಯವದನ, ಫರ್ನೇಸು ಏನೋ ಸದ್ದು ಮಾಡ್ತಿದೆ ನೋಡ್ತೀನಿ ಎಂದು ಬೇಸ್‌ಮೆಂಟಿಗೆ ಇಳಿದವನು ಒಂದು ಗಂಟೆ ಮೇಲೆ ಬರಲಿಲ್ಲ. ಬಾಗಿಲು ತೆಗೆದವಳು ಪದ್ಮ. ನೋವಾಕ್ ಚರ್ಚಿಗೆ ಹೋಗುವ ಸೂಟಿನಲ್ಲಿದ್ದ. ಕೈಯಲ್ಲಿ ತೊಳೆದು ಒರೆಸಿದ ಕೂಲ್ ವಿಪ್ ಡಬ್ಬಿ. ನಿಮ್ಮ ಮಾವನವರ ಊಟ ಮುಗಿಯುವ ಮುಂಚೆ ಗುಂಡು ಹಾರಿಸಲಿಲ್ಲ, ಅದೊಂದೇ ಸಮಾಧಾನ, ಗೊತ್ತಿದ್ದರೆ ಹಾರಿಸುತ್ತಲೇ ಇರಲಿಲ್ಲ ಎಂದ. ಅವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಿ, ನಮ್ಮ ಪಾದ್ರಿಯ ಕೈಲಿ ಪ್ರಾರ್ಥನೆ ಹೇಳಿಸುತ್ತೇನೆ, ನನ್ನ ಅಜ್ಜಿಯೂ ಸಮಾಧಿಯ ಮೇಲೆ ರೊಟ್ಟಿ ಇಡುತ್ತಿದ್ದಳು ಎಂದ. ಪದ್ಮ ಕಾಫಿ ಕೊಟ್ಟು, ಜೌಗಿನಲ್ಲಿ ನಡೆದದ್ದನ್ನೆಲ್ಲ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಅವನು ಯಾರ ಮೇಲೂ ದೂರು ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಗಂಡ ಮೇಲೆ ಬಂದಾಗ ಅವಳು ಕಾಫಿ ಲೋಟ ತೊಳೆಯುತ್ತಿದ್ದಳು. ಫರ್ನೇಸು ಸರಿಯಾಯಿತು ಎಂದು ಅವನೇ ಹೇಳಿದ.

ಸೋಮವಾರ ಕೋಣೆಯ ಬಾಗಿಲಿಗೆ ಗುರುಲಿಂಗಪ್ಪನ ಹೆಸರು ಬಂತು.

ಹಯವದನ ಬೆಪ್ಪಾಗಿ ನೋವಾಕನ ಬಳಿಗೆ ಹೋಗಿ, "ನಾನು ಬೇಟೆಗೂ ಬಂದೆನಲ್ಲ ಸರ್!" ಎಂದ.

"ಬಂದೆ," ಎಂದ ನೋವಾಕ್. "ನೋಡು ಹ್ಯಾರಿ, ಆ ಕೋಣೆಯಲ್ಲಿ ಕೂತವನಿಗೆ ದೊಡ್ಡ ಕೆಲಸವೇನಿಲ್ಲ. ಬ್ರೇಕು ಕೆಟ್ಟಾಗ ಎದ್ದು ನಿಂತು 'ಇದು ನನ್ನದು' ಅನ್ನಬೇಕು, ಅಷ್ಟೇ. ಬೇಟೆಗೆ ಬರಬೇಕು ಅಂತ ನಾನು ಯಾವತ್ತೂ ಹೇಳಲಿಲ್ಲ."

ಗುರುಲಿಂಗಪ್ಪ ಹೊಸ ಕೋಣೆಯಿಂದ ಹೊರಗೆ ಬಂದು ಸಂಕೋಚದಿಂದ, "ರಾಯರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನಗೂ ಯಾಕ ಕೊಟ್ರೋ ಗೊತ್ತಿಲ್ರಿ. ಬಾಗಿಲಾ ತಗದೇ ಇಡ್ತೀನಿ, ಯಾವಾಗರ ಬರ್ರಿ" ಎಂದ. ಹಯವದನನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ಇವನು ಪ್ರಾಣ ಬಿಡುತ್ತಿದ್ದದ್ದೇ ಮುಚ್ಚುವ ಬಾಗಿಲಿಗಾಗಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಂಜೆಯೊಳಗೆ ಹಯವದನ ನೆಲದ ಡೊಂಕು ಕಂಡುಹಿಡಿದಿದ್ದ. ಬಾಸು ಕೋವಿ ಕೊಟ್ಟು ಹೊಡೆ ಎಂದನಂತೆ, ಇವನು ಪ್ರಾಣ ಹೋದರೂ ಹಿಂಸೆ ಮಾಡುವುದಿಲ್ಲ ಎಂದು ಕೋವಿಯನ್ನು ಸರೋವರಕ್ಕೆ ಎಸೆದನಂತೆ, ಅದಕ್ಕೇ ಪ್ರಮೋಷನ್ ತಪ್ಪಿತಂತೆ. ಕೋವಿ ನೀರಿಗೆ ಬಿದ್ದದ್ದು ನಿಜ ತಾನೆ. ಈ ವಾರ್ತೆ ಫೋನಿನಲ್ಲಿ ಊರೂರು ಸುತ್ತಿತು. ಷಿಕಾಗೋ ಕಡೆಯ ವೆಸ್ಟ್‌ಮಂಟಿನಿಂದ ಯಾರೋ ಫೋನು ಮಾಡಿ, ಗುರುತು ಪರಿಚಯವಿಲ್ಲದಿದ್ದರೂ, ನಿಮ್ಮಂಥವರಿಂದಲೇ ಈ ದೇಶದಲ್ಲಿ ನಮ್ಮ ಧರ್ಮ ಉಳಿದಿದೆ ಎಂದು ಗದ್ಗದಿತರಾದರಂತೆ. ಮೆಚ್ಚುವವರು ಸಿಕ್ಕ ಮೇಲೆ ಹಯವದನನಿಗೂ ಅದೇ ನಿಜ ಎಂದು ಕಾಣತೊಡಗಿತು. ಎರಡನೆಯ ವಾರಕ್ಕೆ ಅವನು ಕೋವಿ ಎಸೆದ ದೂರ ಇಪ್ಪತ್ತು ಗಜದಿಂದ ಐವತ್ತು ಗಜಕ್ಕೆ ಬೆಳೆದಿತ್ತು.

ಮೂರನೆಯ ವಾರ ನಮ್ಮ ಕನ್ನಡ ಬಳಗದವರು ಶಾಲೆಯೊಂದರ ಊಟದ ಹಜಾರದಲ್ಲಿ ಸೇರಿದರು. ಬಿಸಿಬೇಳೆ ಭಾತಿಗೆ ಮುಂಚೆ ಒಂದು ಸನ್ಮಾನ. ಅರವತ್ತು ಜನರ ಎದುರು ಹಯವದನನನ್ನು ಕುರ್ಚಿಯ ಮೇಲೆ ಕೂರಿಸಿ ಮೈಸೂರು ಪೇಟ ತೊಡಿಸಿದರು. ಜಗನ್ನಾಥ ಮೈಕು ಹಿಡಿದು ಅಹಿಂಸೆಯ ಮೇಲೆ ಇಪ್ಪತ್ತು ನಿಮಿಷ ಮಾತಾಡಿದ. ತಂದೆಯ ತಿಥಿಯನ್ನು ಮೈಸೂರು ಟೈಮಿಗೆ ಸರಿಯಾಗಿ ಮಾಡಿ, ಕೊರೆಯುವ ಚಳಿಯಲ್ಲಿ ಸರೋವರದ ನಡುವೆ ಪಿಂಡವಿಟ್ಟ ಇಂಥ ಪಿತೃಭಕ್ತ ಮಗ ಈ ಖಂಡದಲ್ಲಿ ಇನ್ನೊಬ್ಬನಿಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ನೋವಾಕನ ವಿಷಯ ಇನ್ನೂ ತಿಳಿಯದ ಗುರುಲಿಂಗಪ್ಪನೂ ತಟ್ಟಿದ. ಹಯವದನ ಪೇಟ ಸರಿಪಡಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿದ್ದ.

"ಶಾಲು ಹೊದಿಸೋ ಮುಂಚೆ ಅವರ ಸಹಧರ್ಮಿಣಿ ಎರಡು ಮಾತು ಹೇಳ್ಬೇಕು. ಬನ್ನಿ ಪದ್ಮಾ ಅವರೇ," ಎಂದು ಜಗನ್ನಾಥ ಕರೆದ.

ಪದ್ಮ ನಿಧಾನವಾಗಿ ಬಂದು, ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು.

"ಜಗನ್ನಾಥ ಅವರು ಹೇಳಿದ್ದರಲ್ಲಿ ಒಂದು ಸಣ್ಣ ತಪ್ಪಿದೆ," ಎಂದಳು. "ನಮ್ಮ ಮಾವನವರಿಗೆ ಈ ವರ್ಷ ಪಿಂಡ ಇಟ್ಟೋರು ಮಿಸ್ಟರ್ ನೋವಾಕ್ ಅಂತ, ಇವರ ಬಾಸು. ಸರ್ಕಾರಿ ಕಾಗದದಲ್ಲಿ ಹಾಗೇ ಬರ್ದಿದೆ. 'ನಾನು ಇಟ್ಟಿದ್ದು' ಅಂತ ಅವರೇ ಒಪ್ಕೊಂಡು, ಲೈಸೆನ್ಸು, ಕೋವಿ ಎಲ್ಲಾ ಕಳ್ಕೊಂಡಿದಾರೆ."

ಶಾಲು ಬಿಡಿಸಿ ಹಿಡಿದಿದ್ದ ಜಗನ್ನಾಥ ಅದನ್ನು ಯಾರಿಗೆ ಹೊದಿಸುವುದೆಂದು ತಿಳಿಯದೆ, "ಮತ್ತೆ... ನಮ್ಮ ಹಯವದನ ಅವರು?" ಎಂದ.

"ಇವರಾ? ಇವರು ಇಡಬೇಡ ಅಂತ ಹೇಳಿದ್ರಂತೆ."